ಮಳೆಗಾಲದ ಮಬ್ಬಿನಲ್ಲಿ ಓಡಾಡುವ ಮಕ್ಕಳ ಫೋಟೊ ತೆಗೆಯುವುದು ಹೇಗೆ?

ಪ್ರಶ್ನೆ (ವಿರಾಜಪೇಟೆ)

ನಮಸ್ಕಾರ. ನಮ್ಮ ಮನೆಯಲ್ಲಿ ಮೂರು ಮತ್ತು ಐದು ವರ್ಷದ ಇಬ್ಬರು ಮಕ್ಕಳಿದ್ದು, ಇಬ್ಬರೂ ನಿಂತಲ್ಲಿ ನಿಲ್ಲುವವರಲ್ಲ. ನನ್ನ ಬಳಿ ಸಾಧಾರಣ ದರ್ಜೆಯ ಮಿರರ್‌ಲೆಸ್ ಕ್ಯಾಮೆರಾ ಮತ್ತು 50 ಎಂಎಂ ಎಫ್ 1.8 ಲೆನ್ಸ್ ಇವೆ. ಬೇಸಿಗೆಯಲ್ಲಿ ಕಾಫಿ ಕಣದ ಬಿಸಿಲಲ್ಲಿ ತೆಗೆದ ಚಿತ್ರಗಳು ಚೆನ್ನಾಗಿಯೇ ಬಂದಿದ್ದವು. ಜೂನ್ ಕಳೆದು ಆಟವೆಲ್ಲ ಜಗಲಿಗೆ ಸೇರಿದ ಮೇಲೆ ಮುಖಗಳು ಕದಡಿಹೋಗಿ, ಕೈಗಳು ಬರೀ ಗೆರೆಗಳಾಗಿ ಮೂಡುತ್ತಿವೆ. ಆಟೊ ಮೋಡ್ ಬಿಟ್ಟು ಬೇರೇನನ್ನೂ ಬಳಸಿಲ್ಲ. ಹೊಸ ಲೆನ್ಸ್ ಕೊಳ್ಳದೆ ಇದನ್ನು ಸರಿಪಡಿಸಬಹುದೇ? ಸುಗ್ಗಿ ಹಬ್ಬವಾದ ಹುತ್ತರಿಗೆ ಇಬ್ಬರಿಗೂ ಕುಪ್ಯ (ಕೊಡವರ ಕಪ್ಪು ನಿಲುವಂಗಿ) ತೊಡಿಸುವ ಯೋಚನೆಯಿದ್ದು, ಅಷ್ಟರೊಳಗೆ ಕೈ ಪಳಗಬೇಕೆಂಬ ಆಸೆ.

ಉತ್ತರ 1 (ಮಡಿಕೇರಿ)

ಇರುವ ಲೆನ್ಸೇ ಧಾರಾಳವಾಯಿತು. ಬೆಳಕು ಕಡಿಮೆಯಾದಾಗ ಆಟೊ ಮೋಡ್ ಶಟರ್ (ಬೆಳಕು ಒಳಬಿಡುವ ಪರದೆ) ತೆರೆದು ಮುಚ್ಚುವ ವೇಗವನ್ನು 1/60 ಸೆಕೆಂಡಿನ ಆಸುಪಾಸಿಗೆ ಇಳಿಸಿಬಿಡುತ್ತದೆ. ಕುಳಿತವರಿಗೆ ಅದು ಸಾಕು, ಓಡುವ ಮಗುವಿಗೆ ಸಾಲದು. ಎಂ (ನಾವೇ ಹೊಂದಿಸುವ ಮ್ಯಾನ್ಯುಯಲ್) ಮೋಡ್‌ನಲ್ಲಿ ಶಟರ್ 1/500, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್ 2.8 ಇಟ್ಟು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಒಂದನ್ನು ಮಾತ್ರ ಆಟೊಗೆ ಬಿಟ್ಟು, ಅದರ ಮಿತಿಯನ್ನು 6400ಕ್ಕೆ ನಿಲ್ಲಿಸಿ. ನಡೆಯುವ ಮಗುವಿಗೆ 1/250 ಸಾಕು, ಮೆಟ್ಟಿಲಿನಿಂದ ಹಾರುವವರಿಗೆ 1/1000 ಬೇಕು. ಐಎಸ್‌ಒ ಏರಿದರೆ ಚಿತ್ರದಲ್ಲಿ ಕಾಳು (ಚುಕ್ಕೆ ಚುಕ್ಕೆಯ ಒರಟುತನ) ಕಾಣುತ್ತದೆಂದು ಹಲವರು ಹಿಂಜರಿಯುತ್ತಾರೆ. ಆ ಕಾಳನ್ನು ಆಮೇಲೆ ಕಂಪ್ಯೂಟರಿನಲ್ಲಿ ತಗ್ಗಿಸಬಹುದು, ಆದರೆ ಕದಡಿದ ಕಣ್ಣನ್ನು ಯಾವ ತಂತ್ರಾಂಶವೂ ಸರಿಯಾಗಿ ಮರಳಿ ತರಲಾರದು.

ಕಿಂಡಿ ಪೂರ್ತಿ ತೆರೆಯುವ ಎಫ್ 1.8ರ ಆಸೆಗೆ ಬೀಳಬೇಡಿ. ಹತ್ತಿರದಿಂದ ತೆಗೆದರೆ ಒಂದು ಕಣ್ಣು ಸ್ಪಷ್ಟವಾಗಿ, ಇನ್ನೊಂದು ಮಸುಕಾಗಿ ಬರುತ್ತದೆ. ಫೋಕಸ್ಸನ್ನು, ಚಲಿಸುವವರನ್ನು ಹಿಂಬಾಲಿಸುವ ನಿರಂತರ ವಿಧಾನಕ್ಕೆ ಬದಲಿಸಿ (ನಿಕಾನ್, ಸೋನಿಯಲ್ಲಿ ಎಎಫ್-ಸಿ, ಕ್ಯಾನನ್‌ನಲ್ಲಿ ಸರ್ವೊ), ಕಣ್ಣು ಗುರುತಿಸುವ ಸೌಲಭ್ಯವಿದ್ದರೆ ಅದನ್ನೂ ಹಾಕಿಕೊಳ್ಳಿ. ಇನ್ನೊಂದು ವಿಷಯ: ಜಗಲಿಯ ಎಲ್‌ಇಡಿ ದೀಪವನ್ನು ಆರಿಸಿಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಎಷ್ಟೋ ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಶಟರ್ ವೇಗ ಹೆಚ್ಚಿದಾಗ ಅದು ಚಿತ್ರದ ಮೇಲೆ ಕಪ್ಪು ಪಟ್ಟಿಗಳಾಗಿ ಕಾಣಿಸಬಹುದು.

ಉತ್ತರ 2 (ಸೋಮವಾರಪೇಟೆ)

ಮೇಲಿನವರು ಹೇಳಿದ್ದು ಸರಿಯೇ, ಆದರೆ ಅಂಕಿಗಳಿಗಿಂತ ಮೊದಲು ನೀವು ಕೂರುವ ಜಾಗ ಸರಿಯಾಗಬೇಕೆಂಬುದು ನನ್ನ ಅಭಿಪ್ರಾಯ. ಮಳೆಗಾಲದಲ್ಲಿ ಜಗಲಿಗೆ ಬೆಳಕು ಬರುವುದು ಅಂಗಳದ ಕಡೆಯಿಂದ ಮಾತ್ರ. ನೀವು ಒಳಗೆ ನಿಂತು ಹೊರಗಿನ ಕಡೆಗೆ ಕ್ಯಾಮೆರಾ ಹಿಡಿದರೆ ಮಕ್ಕಳು ಕಪ್ಪು ನೆರಳುಗಳಾಗುತ್ತಾರೆ. ಅಂಗಳಕ್ಕೆ ಬೆನ್ನು ಹಾಕಿ ಕೆಳಗಿನ ಮೆಟ್ಟಿಲಲ್ಲಿ ಕುಳಿತರೆ ಅವರ ಮುಖಕ್ಕೆ ಬೆಳಕೂ ಬೀಳುತ್ತದೆ, ಕ್ಯಾಮೆರಾ ಅವರ ಕಣ್ಣಿನ ಮಟ್ಟಕ್ಕೂ ಬರುತ್ತದೆ.

ಮಕ್ಕಳ ಹಿಂದೆ ಓಡಬಾರದು, ಆಟವನ್ನೇ ಬೆಳಕಿರುವಲ್ಲಿಗೆ ತರಬೇಕು. ಮಾಡಿನಿಂದ ಇಳಿಯುವ ನೀರಿನಲ್ಲಿ ಬಿಡಲು ಕಾಗದದ ದೋಣಿ ಮಾಡಿಕೊಡಿ. ದೋಣಿ ಬಿಡುವಾಗ ಕುಕ್ಕರುಗಾಲಲ್ಲಿ ಕುಳಿತು, ತುಟಿ ಮುಂದೆ ಮಾಡಿ, ಉಸಿರು ಬಿಗಿಹಿಡಿದಿರುತ್ತಾರೆ. ದೋಣಿ ಮಗುಚಿದ ಕೂಡಲೇ ಎದ್ದು ಕೂಗುತ್ತಾರೆ. ಈ ಎರಡೂ ಒಂದೇ ಜಾಗದಲ್ಲಿ ಸಿಗುತ್ತವೆ. ದಯವಿಟ್ಟು ‘ಇಲ್ಲಿ ನೋಡು, ನಗು’ ಎನ್ನಬೇಡಿ. ಹಾಗೆ ಹೇಳಿಸಿಕೊಂಡ ಮಕ್ಕಳು ಹಲ್ಲು ಮಾತ್ರ ತೋರಿಸುತ್ತಾರೆ.

ಉತ್ತರ 3 (ಕುಶಾಲನಗರ)

ನಾನು ಮೊಬೈಲಿನಲ್ಲಷ್ಟೇ ತೆಗೆಯುವವಳು. ಓಡುವ ಮಕ್ಕಳಿಗೆ ಪೋರ್ಟ್ರೇಟ್ ಮೋಡ್ ಮತ್ತು ನೈಟ್ ಮೋಡ್ ಎರಡೂ ಒಗ್ಗುವುದಿಲ್ಲ. ಸಾಮಾನ್ಯ ಮೋಡ್‌ನಲ್ಲೇ ಬರ್ಸ್ಟ್ (ಒಂದರ ಹಿಂದೊಂದು ಸರಸರನೆ ಚಿತ್ರ ತೆಗೆಯುವುದು) ಬಳಸಿ. ಮಳೆಗಾಲದ ತೇವಕ್ಕೆ ಲೆನ್ಸ್ ಮಂಜಾಗುವುದರಿಂದ ಪ್ರತಿ ಸಲವೂ ಹತ್ತಿಬಟ್ಟೆಯಲ್ಲಿ ಒರೆಸಿಕೊಳ್ಳುವುದು ಒಳ್ಳೆಯದು.

ಮರುಪ್ರಶ್ನೆ (ವಿರಾಜಪೇಟೆ)

ಎಲ್ಲರಿಗೂ ಧನ್ಯವಾದಗಳು. ಹುತ್ತರಿಯ ಕದಿರು (ಭತ್ತದ ತೆನೆ) ಕೊಯ್ದು ತೆಗೆಯುವುದು ರಾತ್ರಿಯಲ್ಲವೇ? ಗದ್ದೆಯಲ್ಲಿ ಈ ಅಂಕಿಗಳು ನಡೆಯುತ್ತವೆಯೇ?

ಉತ್ತರ 1 (ಮಡಿಕೇರಿ)

ನಡೆಯುವುದಿಲ್ಲ. ಗದ್ದೆಯಲ್ಲಿ ಫ್ಲ್ಯಾಶ್ ಬೇಕೇ ಬೇಕು, ಮತ್ತು ಬೆಳಕನ್ನು ತಿರುಗಿಸಿ ಬೀಳಿಸಲು ಮೇಲೆ ಸೂರಿಲ್ಲದ ಕಾರಣ ಅದನ್ನು ನೇರವಾಗಿಯೇ ಹಾಯಿಸಬೇಕು. ಶಟರನ್ನು 1/60ಕ್ಕೆ ಇಳಿಸಿ, ಐಎಸ್‌ಒ 1600ರಲ್ಲಿಟ್ಟರೆ ಫ್ಲ್ಯಾಶ್ ಮಗುವನ್ನು ನಿಲ್ಲಿಸಿ ಹಿಡಿಯುತ್ತದೆ, ಹಿಂದಿನ ದೀಪಗಳೂ ಉಳಿಯುತ್ತವೆ. ಕದಿರು ಕೊಯ್ದಾಗ ಕೋವಿಯ ಗುಂಡು ಹಾರುತ್ತದೆ. ಆ ಕ್ಷಣ ಚಿಕ್ಕವರು ಕಿವಿ ಮುಚ್ಚಿ ಕಣ್ಣನ್ನೂ ಮುಚ್ಚಿರುತ್ತಾರೆ, ಆದ್ದರಿಂದ ಸದ್ದು ಮುಗಿದು ‘ಪೊಲಿ ಪೊಲಿ ದೇವಾ’ ಎಂಬ ಕೂಗು ಏಳುವಾಗ ಗುಂಡಿ ಒತ್ತಿ. ಕುಪ್ಯದ ಚಿತ್ರವನ್ನಂತೂ ಸಂಜೆಯ ಬೆಳಕಿರುವಾಗಲೇ, ಚೇಲೆ (ಸೊಂಟದ ಕೆಂಪು ಪಟ್ಟಿ) ಕಟ್ಟಿಸಿಕೊಳ್ಳುತ್ತಿರುವಾಗ ತೆಗೆದಿಟ್ಟುಕೊಳ್ಳಿ. ಕಪ್ಪು ಬಟ್ಟೆ ಚೌಕಟ್ಟು ತುಂಬಿದರೆ ಕ್ಯಾಮೆರಾ ಕತ್ತಲೆಯೆಂದು ಭ್ರಮಿಸಿ ಬೆಳಕು ಹೆಚ್ಚಿಸುತ್ತದೆ, ಮುಖ ಬಿಳಚಿಕೊಳ್ಳುತ್ತದೆ; ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಚಿತ್ರದ ಬೆಳಕನ್ನು ಏರಿಸಿ ಇಳಿಸುವ ಹೊಂದಾಣಿಕೆ) ಅನ್ನು ಮೈನಸ್ 0.7ಕ್ಕೆ ಇಳಿಸಿದರೆ ಸರಿಹೋಗುತ್ತದೆ.