ಚಿನ್ನಪ್ಪ: ಬಂಗಾರವೋ, ಸಣ್ಣವನೋ?

ಎಲ್ಲರಿಗೂ ನಮಸ್ಕಾರ.

ಮೊನ್ನೆ ಅಜ್ಜಿಯ ಟ್ರಂಕಿನಲ್ಲಿ ಹಳೇ ಲಗ್ನಪತ್ರಿಕೆಯೊಂದು ಸಿಕ್ಕಿತು. ಹುಡುಗನ ತಂದೆ ರಾಯಪ್ಪ, ಚಿಕ್ಕಪ್ಪ ಚಿನ್ನಪ್ಪ, ಹುಡುಗಿಯ ತಾತ ಚೌರಪ್ಪ. ಮೇಲಿನ ಶಿಲುಬೆ ಗುರುತು ಇಲ್ಲದಿದ್ದರೆ ಇದು ಕ್ರೈಸ್ತರ ಮದುವೆ ಅಂತ ಗೊತ್ತೇ ಆಗುತ್ತಿರಲಿಲ್ಲ. ಆದರೆ ಮೂರೂ ಸಂತರ ಹೆಸರುಗಳೇ.

ಬೆಂಗಳೂರು ಸುತ್ತಿನ ನಮ್ಮಂಥ ಕಥೋಲಿಕರ ಮನೆಗಳಲ್ಲಿ ರಾಯಪ್ಪ ಅಂದರೆ ಸಂತ ಪೇತ್ರ, ಚಿನ್ನಪ್ಪ ಅಂದರೆ ಸಂತ ಪೌಲ. ಇಬ್ಬರ ಹಬ್ಬವೂ ಒಂದೇ ದಿನ, ಜೂನ್ 29. ಅಣ್ಣನಿಗೆ ರಾಯಪ್ಪ ಅಂತ ಇಟ್ಟ ಮೇಲೆ ತಮ್ಮನಿಗೆ ಚಿನ್ನಪ್ಪ ಅಂತ ಇಡೋದು ಸಹಜ ಅಲ್ವಾ? (ಚಿನ್ನಪ್ಪ ಅಂತ ಹೆಸರಿರುವವರೆಲ್ಲ ಕ್ರೈಸ್ತರಲ್ಲ, ಅದು ಬೇರೆ ಮಾತು.)

ಚಿನ್ನಪ್ಪನ 'ಚಿನ್ನ' ಬಂಗಾರ ಅಂತಲೇ ಇಷ್ಟು ದಿನ ಅಂದುಕೊಂಡಿದ್ದೆ. ಅಜ್ಜಿಯೂ ಹಾಗೇ ಹೇಳುತ್ತಿದ್ದರು. ಆದರೆ ಈ ಹೆಸರು ತಮಿಳು ಕಥೋಲಿಕರ 'ಚಿನ್ನಪ್ಪರ್' ದಾರಿಯಲ್ಲಿ ಬಂದದ್ದು. ಅಲ್ಲಿ ಚಿನ್ನ ಅಂದರೆ ಸಣ್ಣ. ಲ್ಯಾಟಿನ್ನಿನ 'ಪೌಲುಸ್' ಅಂದರೂ ಸಣ್ಣವನು ಅಂತಲೇ ಅರ್ಥ. ಯಾರೋ ಹೆಸರನ್ನು ಹಾಗೇ ಎತ್ತಿಕೊಳ್ಳದೆ ಅದರ ಅರ್ಥವನ್ನೇ ತಂದಿದ್ದಾರೆ! ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲನೇ ತಾನು ಅಪೊಸ್ತಲರಲ್ಲೆಲ್ಲ ಕನಿಷ್ಠ ಅಂತ ಹೇಳಿಕೊಳ್ಳುತ್ತಾನೆ. ಅದನ್ನು ನೆನೆದಾಗ ಈ ಹೆಸರು ನನಗೆ ಇನ್ನೂ ಹತ್ತಿರವಾಯಿತು.

ಚೌರಪ್ಪನದು ಇನ್ನೂ ದೂರದ ಪ್ರಯಾಣ. ಅದು ಸಂತ ಫ್ರಾನ್ಸಿಸ್ ಝೇವಿಯರ್ ಹೆಸರು, ತಮಿಳಿನ 'ಸವೇರಿಯಾರ್' ಮೂಲಕ ಬಂದದ್ದು. ಝೇವಿಯರ್ ಅನ್ನೋದು ಸ್ಪೇನಿನ ನವಾರದಲ್ಲಿ ಅವರು 1506ರಲ್ಲಿ ಹುಟ್ಟಿದ ಕೋಟೆಮನೆಯ ಹೆಸರು. ಆ ಕಡೆಯ ಬಾಸ್ಕ್ ನುಡಿಯಲ್ಲಿ 'ಎಚೆ' ಅಂದರೆ ಮನೆ, 'ಬೆರ್ರಿ' ಅಂದರೆ ಹೊಸದು; ಎರಡೂ ಸೇರಿದ 'ಎಚೆಬೆರ್ರಿ'ಯಿಂದಲೇ ಝೇವಿಯರ್ ಬಂದದ್ದು. ನಮ್ಮ ಹೊಸಮನಿಯವರೂ ಚೌರಪ್ಪನವರೂ ಒಂದೇ ಅರ್ಥದ ಹೆಸರಿನವರು!

ಈಗ ನನ್ನ ಪ್ರಶ್ನೆ. ಚಿಣ್ಣ, ಚಿನ್ನಿದಾಂಡಿನ ಚಿನ್ನಿ, ಇವುಗಳಲ್ಲಿ ಇರೋದು ಈ 'ಸಣ್ಣ' ಅನ್ನುವ ಅರ್ಥವೇನಾ? ತೆಲುಗು ಮಾತಾಡುವವರು ಜಾಸ್ತಿ ಇರುವ ಕೋಲಾರದ ಕಡೆ ಚಿನ್ನಪ್ಪ ಅಂದರೆ ಜನ ಬಂಗಾರ ಅಂತಾರಾ, ಸಣ್ಣವನು ಅಂತಾರಾ?

ಇನ್ನೊಂದು. ಮಕ್ಕಳಿಗಾಗಿ ಸಂತರ ಬಗ್ಗೆ ಒಂದು ಸಣ್ಣ ಪುಸ್ತಕ ಬರೆಯುತ್ತಿದ್ದೇನೆ. ಬೈಬಲ್ಲಿನಲ್ಲಿ ಇರೋದು ಪೌಲ, ಮನೆಯಲ್ಲಿ ಕರೆಯೋದು ಚಿನ್ನಪ್ಪ. ನೀವಾಗಿದ್ದರೆ ಯಾವುದನ್ನು ಬರೆಯುತ್ತಿದ್ದಿರಿ? ನನ್ನ ಮನಸ್ಸು ಚಿನ್ನಪ್ಪನ ಕಡೆಗೇ ಇದೆ.