ಸಹಾಯ ಬೇಕು: ಡಿವಿಡಿ ಪ್ಲೇಯರ್‌ನಿಂದ ಹೋಮ್ ಥಿಯೇಟರ್‌ಗೆ 5.1 ಧ್ವನಿ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಳೆಯ ಡಿವಿಡಿ ಪ್ಲೇಯರನ್ನು ಹೊಸದಾಗಿ ಕೊಂಡ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಹೋಮ್ ಥಿಯೇಟರ್‌ಗೆ ಜೋಡಿಸುವ ವಿಷಯದಲ್ಲಿ ತಿಳಿದವರ ಸಲಹೆ ಬೇಕಾಗಿದೆ. ಸದ್ಯಕ್ಕೆ ಕೆಂಪು-ಬಿಳಿ ಪಿನ್ನಿನ ವೈರನ್ನು ಅದರ ಆಕ್ಸ್ ಸಾಕೆಟ್ಟಿಗೆ ಚುಚ್ಚಿದ್ದೇನೆ. ಹಾಡು ಕೇಳಲು ಅಡ್ಡಿಯಿಲ್ಲ, ಆದರೆ ಆ ಎರಡು ಪಿನ್ನುಗಳಲ್ಲಿ ಹೋಗುವುದು ಬರೀ ಸ್ಟೀರಿಯೊ (ಎಡ, ಬಲ ಎರಡೇ ಧ್ವನಿ) ಆದ್ದರಿಂದ, ಸೋಫಾದ ಹಿಂದಿನ ಗೋಡೆಗೆ ಮೊಳೆ ಹೊಡೆದು ಕಷ್ಟಪಟ್ಟು ನೇತುಹಾಕಿದ ಎರಡು ಸ್ಪೀಕರ್‌ಗಳು ತುಟಿ ಬಿಚ್ಚುತ್ತಿಲ್ಲ.

ಪ್ಲೇಯರಿನ ಹಿಂಬದಿಯಲ್ಲಿ ಕಿತ್ತಳೆ ಬಣ್ಣದ ಕೋಆಕ್ಸಿಯಲ್ ಡಿಜಿಟಲ್ ಔಟ್ ಇದೆ, ಎಚ್‌ಡಿಎಂಐ ಇಲ್ಲ. ಹೋಮ್ ಥಿಯೇಟರ್‌ನಲ್ಲಾದರೋ ಆಪ್ಟಿಕಲ್ ಇನ್ ಮತ್ತು ಟಿವಿಯ ಧ್ವನಿ ಪಡೆಯಲೆಂದು ಇರುವ ಎಚ್‌ಡಿಎಂಐ ಎಆರ್‌ಸಿ ಮಾತ್ರ. ಕೋಆಕ್ಸಿಯಲ್, ಆಪ್ಟಿಕಲ್ ಎರಡರಲ್ಲೂ ಹರಿಯುವ ಸಂಕೇತ ಒಂದೇ ಬಗೆಯದಾದರೂ ಒಂದರಲ್ಲಿ ಅದು ತಾಮ್ರದ ತಂತಿಯ ಮೂಲಕ ವಿದ್ಯುತ್ತಾಗಿ, ಇನ್ನೊಂದರಲ್ಲಿ ಬೆಳಕಾಗಿ ಸಾಗುವುದರಿಂದ, ನಡುವೆ ಕನ್ವರ್ಟರ್ ಒಂದು ಬೇಕೆಂದು ಅರಿತಿದ್ದೇನೆ. ಅಂಗಡಿಯವರೊಬ್ಬರು ತೋರಿಸಿದ ಡಬ್ಬಿಯ ಮೇಲೆ ‘ಅನಲಾಗ್ ಔಟ್’ ಎಂದಿತ್ತು. ಅದನ್ನು ಹಾಕಿದರೆ ಮತ್ತೆ ಸ್ಟೀರಿಯೊಗೇ ಬಂದು ನಿಲ್ಲುತ್ತೇನೆಂದು ಕೊಳ್ಳದೆ ಬಂದೆ.

ಕೋಆಕ್ಸಿಯಲ್‌ನಿಂದ ಆಪ್ಟಿಕಲ್‌ಗೆ ಬದಲಿಸುವ ಕನ್ವರ್ಟರನ್ನು ಬಳಸಿದವರು ಯಾರಾದರೂ ಇದ್ದರೆ, ಅದು ಡಾಲ್ಬಿ ಡಿಜಿಟಲ್ ಹಾಗೂ ಡಿಟಿಎಸ್ ಎಂಬ 5.1 ಧ್ವನಿಯ ಎರಡೂ ಮಾದರಿಗಳನ್ನು ಹಾಗೆಯೇ ದಾಟಿಸುತ್ತದೆಯೇ, ತುಟಿಯ ಚಲನೆಗೂ ಮಾತಿಗೂ ಅಂತರ ಬೀಳುತ್ತದೆಯೇ ಎಂಬುದನ್ನು ದಯವಿಟ್ಟು ತಿಳಿಸಿ. ಪ್ಲೇಯರಿನ ಆಡಿಯೊ ಸೆಟ್ಟಿಂಗ್‌ನಲ್ಲಿದ್ದ ಪಿಸಿಎಂ ಅನ್ನು (ಅದರಲ್ಲಿ ಕೋಆಕ್ಸಿಯಲ್ ಮೂಲಕ ಸ್ಟೀರಿಯೊ ಮಾತ್ರ ಹೋಗುತ್ತದೆ) ಈಗಾಗಲೇ ಬಿಟ್‌ಸ್ಟ್ರೀಮ್‌ಗೆ, ಅಂದರೆ ಡಿಸ್ಕಿನ ಧ್ವನಿಯನ್ನು ಬಿಡಿಸದೆ ಹಾಗೆಯೇ ಕಳುಹಿಸುವ ಬಗೆಗೆ, ಬದಲಿಸಿದ್ದೇನೆ. ಬೇಕಿದ್ದರೆ ಎರಡೂ ಸಾಧನಗಳ ಹಿಂಬದಿಯ ಫೋಟೊ ಹಾಕುತ್ತೇನೆ.