ಮುಳ್ಳುಗಳೆಲ್ಲ ಒಟ್ಟಿಗೆ ಬಿದ್ದರೆ ಮೀಟರ್ ಬೋರ್ಡ್ ಬದಲಿಸಬೇಕಾ?

ಪ್ರಶ್ನೆ (ತೀರ್ಥಹಳ್ಳಿಯಿಂದ):
ಅಣ್ಣಾ, ನಮಸ್ಕಾರ. ನಮ್ಮದು 2018ರ ಬಿಎಸ್4 ಡೀಸೆಲ್ ವ್ಯಾನ್. ಸೀಟು ತೆಗೆಸಿ ಮಂಚ, ಒಲೆ, ಸಿಂಕ್ ಹಾಕಿಸಿ ಮೋಟರ್‌ಹೋಮ್ ಮಾಡಿಸಿದ್ದೇವೆ. ಮೂರು ತಿಂಗಳ ಹಿಂದೆ ಹಿಂಭಾಗಕ್ಕೆ ಅಂತ ಎರಡನೇ ಬ್ಯಾಟರಿ, 1000 ವ್ಯಾಟ್ ಇನ್ವರ್ಟರ್, ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿದೆವು.

ಹೋದ ವಾರ ಉಡುಪಿಯಿಂದ ವಾಪಸ್ ಬರುತ್ತಿದ್ದೆವು. ಆಗುಂಬೆ ಘಾಟಿಯಲ್ಲಿ ಆರನೇ ತಿರುವೋ ಏಳನೆಯದೋ ಇರಬೇಕು, ಜೋರು ಮಳೆ. ಸ್ಪೀಡು, ಆರ್‌ಪಿಎಂ, ಟೆಂಪರೇಚರ್, ಡೀಸೆಲ್, ನಾಲ್ಕೂ ಮುಳ್ಳು ಒಟ್ಟಿಗೆ ಸೊನ್ನೆಗೆ ಬಿದ್ದವು. ಎಬಿಎಸ್ ಲೈಟು, ಇಂಜಿನ್ ಲೈಟು ಎಲ್ಲ ಹತ್ತಿಕೊಂಡವು. ಇಂಜಿನ್ ಮಾತ್ರ ತನಗೆ ಸಂಬಂಧವೇ ಇಲ್ಲ ಅನ್ನುವ ಹಾಗೆ ಎಳೆಯುತ್ತಿತ್ತು. ಮುಂದೆ ಒಂದು ಗುಂಡಿಗೆ ದಡಕ್ ಅಂತ ಬಿದ್ದೆವು ನೋಡಿ, ಮುಳ್ಳೆಲ್ಲ ಎದ್ದು ನಿಂತವು! ಆಮೇಲೂ ಎರಡು ಸಲ ಹೀಗೇ ಆಯಿತು. ಇನ್ನೊಂದು ವಿಚಿತ್ರ ಅಂದರೆ ಹೆಡ್‌ಲೈಟ್ ಹಾಕಿದ ಕೂಡಲೇ ಡೀಸೆಲ್ ಮುಳ್ಳು ಒಂದು ಗೆರೆ ಏರುತ್ತದೆ.

ಮೆಕ್ಯಾನಿಕ್ ಒಬ್ಬರು ನೋಡಿ "ಕ್ಲಸ್ಟರ್ ಹೋಗಿದೆ, ಬೋರ್ಡೇ ಬದಲಿಸಿ" ಅಂದರು. ಹದಿನೆಂಟು ಸಾವಿರ ಆಗುತ್ತದಂತೆ. ಬದಲಿಸಲಾ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಶಿವಮೊಗ್ಗ):
ಬೇಡ ಮಾರಾಯ್ರೇ, ದುಡ್ಡು ಜೇಬಲ್ಲೇ ಇರಲಿ. ಬಂಕಿಗೆ ಹೋಗದೆ ಡೀಸೆಲ್ ಹೆಚ್ಚಾಗುವ ಗಾಡಿ ನಿಮ್ಮೊಬ್ಬರ ಹತ್ತಿರ ಮಾತ್ರ ಇಲ್ಲ. ನಮ್ಮ ಶೆಡ್ಡಿಗೆ ತಿಂಗಳಿಗೆ ಒಂದಾದರೂ ಬರುತ್ತದೆ.

ಒಂದೇ ಮುಳ್ಳು ಸತ್ತಿದ್ದರೆ ಆ ಮುಳ್ಳಿನ ಸೆನ್ಸರ್, ಅದರ ವೈರು, ಕಪ್ಲರ್ ನೋಡಬೇಕು. ನಾಲ್ಕೂ ಒಂದೇ ಕ್ಷಣಕ್ಕೆ ಬಿದ್ದವು ಅಂದರೆ ನಾಲ್ಕೂ ಸೆನ್ಸರ್ ಒಟ್ಟಿಗೆ ಕೆಟ್ಟಿರುತ್ತವಾ? ಇಲ್ಲ. ಹಲವು ಮುಳ್ಳಿಗೆ ಒಟ್ಟಿಗೆ ಸೇರಿದ್ದು ಮೂರೇ ಮೂರು: ಬೋರ್ಡಿಗೆ ಬರುವ ಕರೆಂಟ್, ಬೋರ್ಡಿನ ಅರ್ಥ್ (ಕರೆಂಟ್ ಬಾಡಿಗೆ ವಾಪಸ್ ಹೋಗುವ ವೈರು), ಮತ್ತು ಇಂಜಿನ್ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿನಿಂದ ಸುದ್ದಿ ತರುವ ಎರಡು ಡೇಟಾ ವೈರು. ಈ ಡೇಟಾ ವೈರಿಗೆ ಕ್ಯಾನ್ ಲೈನ್ ಅನ್ನುತ್ತೇವೆ. ಬೋರ್ಡ್ ಸತ್ತಿದೆ ಅನ್ನುವುದು ಕೊನೆಯ ಮಾತು. ಅದನ್ನೇ ಮೊದಲು ಹೇಳುವವರು ಜಾಸ್ತಿ, ಯಾಕೆಂದರೆ ಬದಲಿಸುವುದು ಸುಲಭ, ಹುಡುಕುವುದು ಕಷ್ಟ.

ನಿಮ್ಮ ಕಥೆಯಲ್ಲೇ ಒಂದು ಸುಳಿವಿದೆ. ನಿಮ್ಮ ಥರದ ವ್ಯಾನಲ್ಲಿ ಸ್ಪೀಡು, ಆರ್‌ಪಿಎಂ, ಟೆಂಪರೇಚರ್ ಡೇಟಾ ವೈರಿನಲ್ಲಿ ಬರುತ್ತವೆ. ಡೀಸೆಲ್ ಹಾಗಲ್ಲ, ಟ್ಯಾಂಕಿನ ಫ್ಲೋಟಿನಿಂದ ನೇರ ಬೋರ್ಡಿಗೆ ಬರುತ್ತದೆ. ಡೇಟಾ ಲೈನ್ ಮಾತ್ರ ಕಡಿದಿದ್ದರೆ ಡೀಸೆಲ್ ಮುಳ್ಳು ಅಲ್ಲೇ ನಿಲ್ಲಬೇಕಿತ್ತು. ಅದೂ ಬಿದ್ದಿದೆ. ಅಂದರೆ ಬೋರ್ಡಿಗೇ ಒಂದು ಕ್ಷಣ ಕರೆಂಟೋ ಅರ್ಥೋ ಕಡಿದು, ಅದು ಮತ್ತೆ ಹೊಸದಾಗಿ ಸ್ಟಾರ್ಟ್ ಆಗಿದೆ. ಕೀ ತಿರುಗಿಸಿದಾಗ ಎಲ್ಲ ಲೈಟೂ ಒಮ್ಮೆ ಹತ್ತುತ್ತವೆ ಅಲ್ವಾ, ನೀವು ನೋಡಿದ್ದು ಅದನ್ನೇ ಇರಬಹುದು. ಒಂದು ಹೇಳಿ, ಮುಳ್ಳು ಎದ್ದ ಮೇಲೆ ಬೋರ್ಡಿನ ಗಡಿಯಾರ ಸರಿ ಇತ್ತಾ?

ತೀರ್ಥಹಳ್ಳಿ:
ಅಯ್ಯೋ, ಈಗ ನೆನಪಾಯ್ತು! ಮನೆಗೆ ಬಂದಾಗ ರಾತ್ರಿ ಒಂಬತ್ತೂವರೆ, ಗಡಿಯಾರ 12:40 ತೋರಿಸುತ್ತಿತ್ತು. ಟ್ರಿಪ್ ಮೀಟರ್ ಕೂಡ ಸೊನ್ನೆ ಆಗಿತ್ತು. ಹೆಂಡತಿ ಒತ್ತಿರಬೇಕು ಅಂದುಕೊಂಡೆ.

ಉತ್ತರ:
ಪಾಪ, ಅವರಿಗೆ ಒಂದು ಸಾರಿ ಕೇಳಿಬಿಡಿ.

ಗಡಿಯಾರಕ್ಕೆ ಕೀ ತೆಗೆದರೂ ಕರೆಂಟ್ ಇರುತ್ತದೆ. ಅದೂ ಸೊನ್ನೆಯಾಗಿದೆ ಅಂದರೆ ಒಂದೋ ಆ ಕರೆಂಟಿನ ಫ್ಯೂಸಿನ ಕಡೆ, ಇಲ್ಲವೇ ಅರ್ಥ್. ಹೆಡ್‌ಲೈಟಿಗೆ ಡೀಸೆಲ್ ಮುಳ್ಳು ಏರುತ್ತದಲ್ಲ, ಅದಕ್ಕೇ ನನ್ನ ಅನುಮಾನ ಅರ್ಥ್ ಮೇಲೆ. ಲೈಟು, ಬ್ಲೋವರ್, ವೈಪರ್ ಎಲ್ಲದರ ಕರೆಂಟೂ ಬಾಡಿ ಮೂಲಕ ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗಬೇಕು. ದಾರಿಯಲ್ಲಿ ಕಿಲುಬು ಹಿಡಿದ ಬೋಲ್ಟ್ ಸಿಕ್ಕಿದರೆ ಅಲ್ಲಿ ವೋಲ್ಟೇಜ್ ನಿಲ್ಲುತ್ತದೆ. ಬೋರ್ಡಿನ ಸೊನ್ನೆ ಒಂದು ಕಡೆ, ಟ್ಯಾಂಕಿನ ಸೊನ್ನೆ ಇನ್ನೊಂದು ಕಡೆ ಆದಾಗ ಮುಳ್ಳು ಸುಳ್ಳು ಹೇಳುತ್ತದೆ.

ಮಲ್ಟಿಮೀಟರ್ ಇದೆಯಾ? ಇಲ್ಲದಿದ್ದರೆ ಒಂದು ತಗೊಳ್ಳಿ, ಮೋಟರ್‌ಹೋಮ್ ಇಟ್ಟುಕೊಂಡವರಿಗೆ ಸೌಟು ಇದ್ದ ಹಾಗೆ ಅದು. 20 ವೋಲ್ಟ್ ಡಿಸಿಗೆ ತಿರುಗಿಸಿ. ಇಂಜಿನ್ ಸ್ಟಾರ್ಟ್ ಮಾಡಿ, ಹೆಡ್‌ಲೈಟ್, ಬ್ಲೋವರ್, ವೈಪರ್ ಎಲ್ಲ ಹಾಕಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ. ಕ್ಲಾಂಪಿಗಲ್ಲ, ಸೀಸದ ಕಂಬಕ್ಕೇ. ಇನ್ನೊಂದು ಕಡ್ಡಿ ಬೋರ್ಡಿನ ಅರ್ಥ್ ವೈರು ಬಾಡಿಗೆ ಸೇರುವ ಜಾಗಕ್ಕೆ, ವೈರಿನ ತುದಿಯ ಲೋಹದ ಬಳೆ, ಅಂದರೆ ಲಗ್ ಮೇಲೆ. 0.1 ವೋಲ್ಟ್ ಒಳಗೆ ಬಂದರೆ ಅರ್ಥ್ ಚೆನ್ನಾಗಿದೆ. 0.2ರವರೆಗೆ ಸಹಿಸಬಹುದು. ಅರ್ಧ ವೋಲ್ಟ್ ದಾಟಿದರೆ ಕಳ್ಳ ಸಿಕ್ಕಿದ ಹಾಗೆ.

ಗಾಡಿ ಆಫ್ ಮಾಡಿ ಓಮ್‌ನಲ್ಲಿ ಅಳೆಯಬೇಡಿ. ಹತ್ತು ಎಳೆಯಲ್ಲಿ ಒಂಬತ್ತು ಕಡಿದಿದ್ದರೂ ಓಮ್ ಮೀಟರ್ "ಎಲ್ಲ ಸರಿ" ಅನ್ನುತ್ತದೆ. ಲೋಡ್ ಇದ್ದಾಗ ಮಾತ್ರ ನಿಜ ಗೊತ್ತಾಗುವುದು.

ಜೊತೆಗೆ ಬ್ಯಾಟರಿಯ ಎರಡು ಕಂಬದ ನಡುವೆಯೂ ನೋಡಿ. ಇಂಜಿನ್ ಓಡುವಾಗ 13.8ರಿಂದ 14.4 ಇರಬೇಕು. 15 ದಾಟಿದರೆ ಡೈನಮೋದ ರೆಗ್ಯುಲೇಟರ್ ಕೆಟ್ಟಿದೆ, ಆಗಲೂ ಬೋರ್ಡ್ ಹುಚ್ಚುಚ್ಚಾಗಿ ಆಡುತ್ತದೆ.

ತೀರ್ಥಹಳ್ಳಿ (ಮರುದಿನ):
ಬ್ಯಾಟರಿ 14.1 ಇದೆ. ಅರ್ಥ್ ಹತ್ತಿರ 0.9 ಬಂತು! ಇನ್ವರ್ಟರ್‌ನಲ್ಲಿ ಮಿಕ್ಸಿ ಹಾಕಿದಾಗ ಇನ್ನೂ ಏರಿತು, ಗಡಿಯಾರವೇ ಆರಿಹೋಯಿತು. ಡ್ರೈವರ್ ಕಾಲಿನ ಹತ್ತಿರದ ಪ್ಲಾಸ್ಟಿಕ್ ಬಿಚ್ಚಿ ನೋಡಿದೆ. ಒಂದೇ ಬೋಲ್ಟಿಗೆ ನಾಲ್ಕು ವೈರು ಕೂರಿಸಿದ್ದಾರೆ. ಅದರಲ್ಲೊಂದು ನನ್ನ ಕಿರುಬೆರಳಿನಷ್ಟು ದಪ್ಪ ಇದೆ, ಕಪ್ಪು ಬಣ್ಣ. ಬೋಲ್ಟ್ ಸುತ್ತ ಹಸಿರು ಪುಡಿ. ಮುಟ್ಟಿದರೆ ಒದ್ದೆ.

ಉತ್ತರ:
ದಪ್ಪ ವೈರು ನಿಮ್ಮ ಹೊಸ ಇನ್ವರ್ಟರಿನದು. 1000 ವ್ಯಾಟ್ ಅಂದರೆ 12 ವೋಲ್ಟಿನಲ್ಲಿ ಹತ್ತಿರ ಹತ್ತಿರ 90 ಆಂಪಿಯರ್. ಅಷ್ಟನ್ನೂ ತಂದು ಮೀಟರ್ ಬೋರ್ಡಿನ ಆರು ಎಂಎಂ ಬೋಲ್ಟಿಗೆ ಕಟ್ಟಿದ್ದಾರೆ. ಬಿಸಿಯಾಗುತ್ತದೆ, ತಣ್ಣಗಾಗುತ್ತದೆ, ಬೋಲ್ಟ್ ಸಡಿಲವಾಗುತ್ತದೆ. ಗುಂಡಿಗೆ ಬಿದ್ದಾಗ ಮತ್ತೆ ಕಚ್ಚಿಕೊಳ್ಳುತ್ತದೆ. ಆಗುಂಬೆಯಲ್ಲಿ ಆದದ್ದು ಅದೇ.

ಹೀಗೆ ಮಾಡಿ. ಬೋಲ್ಟಿಗೆ ಕೈ ಹಾಕುವ ಮೊದಲು ಇನ್ವರ್ಟರ್ ಆಫ್, ಸೋಲಾರಿನ ಸ್ವಿಚ್ ಆಫ್. ಆಮೇಲೆ ಎರಡೂ ಬ್ಯಾಟರಿಯ ಮೈನಸ್ ತೆಗೆಯಿರಿ. ದಪ್ಪ ವೈರನ್ನು ಅಲ್ಲಿಂದ ಬಿಡಿಸಿ ನೇರ ಎರಡನೇ ಬ್ಯಾಟರಿಯ ಮೈನಸ್‌ಗೆ ಒಯ್ಯಿರಿ, 25 ಸ್ಕ್ವೇರ್ ಎಂಎಂಗಿಂತ ತೆಳು ಬೇಡ. ಆ ಬ್ಯಾಟರಿಯಿಂದ ಚಾಸಿಗೆ ಬೇರೆಯೇ ಒಂದು ದಪ್ಪ ಅರ್ಥ್ ಕೊಡಿ. ಪ್ಲಸ್ ಕಡೆ ಬ್ಯಾಟರಿ ಹತ್ತಿರವೇ ಫ್ಯೂಸ್ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಅದನ್ನು ಹಾಕಿಸುವವರೆಗೆ ಇನ್ವರ್ಟರ್ ಹಾಕಲೇಬೇಡಿ. ಇದು ಮೀಟರಿನ ವಿಷಯ ಅಲ್ಲ, ಬೆಂಕಿಯ ವಿಷಯ.

ಉಳಿದ ಮೂರು ಲಗ್ಗುಗಳನ್ನು ಮರಳು ಕಾಗದದಲ್ಲಿ ತಿಕ್ಕಿ. ಬಾಡಿಯ ಬಣ್ಣವನ್ನೂ ಹೊಳೆಯುವ ಕಬ್ಬಿಣ ಕಾಣುವವರೆಗೆ ತಿಕ್ಕಿ, ಬಣ್ಣದ ಮೇಲೆ ಕೂತ ಅರ್ಥ್ ಅರ್ಥ್ ಅಲ್ಲ. ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ. ಗ್ರೀಸ್ ಬಿಗಿ ಮಾಡಿದ ಮೇಲೆ ಹಚ್ಚುವುದು, ಮುಂಚೆ ಅಲ್ಲ.

ಒದ್ದೆ ಎಲ್ಲಿಂದ ಬಂತು ಅಂತ ಹುಡುಕದಿದ್ದರೆ ಮುಂದಿನ ಆರಿದ್ರೆ ಮಳೆಗೆ ಮತ್ತೆ ಇಲ್ಲೇ ಬಂದು ಕೇಳುತ್ತೀರಿ. ವೈಪರ್ ಕೆಳಗಿನ ಜಾಲರಿ ತೆಗೆದು ನೋಡಿ. ಮರದಡಿ ನಿಲ್ಲಿಸುವ ಗಾಡಿ ಆದರೆ ಎಲೆ, ಕಸ ಎಲ್ಲ ಕೊಳೆತು ನೀರು ಹೋಗುವ ತೂತು ಮುಚ್ಚಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಆ ನೀರಿಗೆ ದಾರಿ ಸಿಗದಿದ್ದರೆ ಒಳಗೇ ಇಳಿಯುತ್ತದೆ.

ಪ್ರಶ್ನೆ (ಹೊಸನಗರದಿಂದ):
ಇಲ್ಲೇ ಕೇಳಿಬಿಡುತ್ತೇನೆ. ನಮ್ಮ ಕ್ಯಾಂಪರ್ ಮಳೆಗಾಲ ಪೂರ್ತಿ ಶೆಡ್ಡಿನಲ್ಲಿತ್ತು. ಈಗ ತೆಗೆದರೆ ಸ್ಪೀಡು, ಆರ್‌ಪಿಎಂ, ಟೆಂಪರೇಚರ್ ಇಲ್ಲ. ಡೀಸೆಲ್, ಗಡಿಯಾರ ಸರಿ ಇವೆ. ಸ್ಕ್ಯಾನರ್ ಹಾಕಿದರೆ ಯು 0100 ಅಂತ ಬರುತ್ತದೆ. ಅರ್ಥ್ ಅಳೆದೆ, 0.05.

ಉತ್ತರ:
ನಿಮ್ಮದು ಅವರ ಕೇಸಿನ ತಿರುಗುಮುರುಗು ನೋಡಿ. ಡೀಸೆಲ್ ಬದುಕಿದೆ, ಡೇಟಾ ಸತ್ತಿದೆ. ಯು 0100 ಅಂದರೆ ಇಂಜಿನ್ ಇಸಿಯು ಜೊತೆ ಮಾತು ನಿಂತಿದೆ ಅಂತ. ಇಸಿಯು ಕೆಟ್ಟಿದೆ ಅಂತ ಅರ್ಥ ಅಲ್ಲ, ಇಂಜಿನ್ ಓಡುತ್ತಿದೆಯಲ್ಲ.

ಬ್ಯಾಟರಿ ಮೈನಸ್ ತೆಗೆದು ಐದು ನಿಮಿಷ ಬಿಡಿ. ಸ್ಟೇರಿಂಗ್ ಕೆಳಗಿನ ಸ್ಕ್ಯಾನರ್ ಸಾಕೆಟ್ಟಿನಲ್ಲಿ 6 ಮತ್ತು 14ನೇ ಪಿನ್ ನಡುವೆ ಓಮ್ ಅಳೆಯಿರಿ. ಕ್ಯಾನ್ ಲೈನಿನ ಎರಡೂ ತುದಿಯಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ. ಎರಡೂ ಸಿಕ್ಕರೆ 60 ಬರುತ್ತದೆ. 120 ಬಂದರೆ ಒಂದು ತುದಿ ಕಡಿದಿದೆ. ಸೊನ್ನೆ ಹತ್ತಿರ ಬಂದರೆ ಎರಡು ವೈರೂ ಒಂದಕ್ಕೊಂದು ತಾಗಿವೆ. ಸಾಧಾರಣವಾಗಿ ಆ ಎರಡು ತುದಿಯಲ್ಲಿ ಒಂದು ಇಂಜಿನ್ ಇಸಿಯು ಒಳಗೆ, ಇನ್ನೊಂದು ಎಷ್ಟೋ ಗಾಡಿಗಳಲ್ಲಿ ಮೀಟರ್ ಬೋರ್ಡಿನ ಒಳಗೇ ಇರುತ್ತದೆ.

ಹೊಸನಗರ:
119 ಬಂತು.

ಉತ್ತರ:
ಇಂಜಿನ್ ಬೇಯಿಗೆ ಟಾರ್ಚ್ ಹಿಡಿಯಿರಿ. ಒಂದಕ್ಕೊಂದು ಹೆಣೆದುಕೊಂಡ ಜೋಡಿ ವೈರು ಹುಡುಕಿ. ಪಕ್ಕದಲ್ಲಿ ಕಪ್ಪಕ್ಕಿ ಥರ ಹಿಕ್ಕೆ ಕಂಡರೆ ಬೇರೆ ಸ್ಕ್ಯಾನರ್ ಬೇಕಾಗಿಲ್ಲ.

ಹೊಸನಗರ:
ಇಲಿ ಗೂಡೇ ಕಟ್ಟಿದೆ ಸಾರ್! ಅಡಿಕೆ ಸಿಪ್ಪೆ, ಹಳೇ ಬಟ್ಟೆ, ಎಲ್ಲ ಇದೆ. ಹಳದಿ ವೈರು ಪೂರ್ತಿ ಕಡಿದಿದೆ, ಪಕ್ಕದ್ದು ಸಿಪ್ಪೆ ಸುಲಿದಿದೆ.

ಉತ್ತರ:
ಎರಡನ್ನೂ ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಸ್ಲೀವ್ ಹಾಕಿಸಿ. ಮುಂಚೆ ಇದ್ದ ಹಾಗೇ ಹೆಣೆದು ಬಿಡಿ. ನೇರ ಬಿಟ್ಟರೆ ಹೊರಗಿನ ಕರೆಂಟಿನ ಗಲಾಟೆ ಒಳಗೆ ಸೇರುತ್ತದೆ. ಸುಮ್ನೆ ತಿರುಚಿ ಟೇಪ್ ಸುತ್ತಬೇಡಿ, ನಮ್ಮ ಥಂಡಿಗೆ ಟೇಪಿನ ಅಂಟು ಒಂದು ಮಳೆಗಾಲ ತಡೆಯುವುದಿಲ್ಲ. ವೈರಿನ ಮೇಲೆ ಒತ್ತಿ ಕೂರಿಸುವ ನೀಲಿ ಕ್ಲಿಪ್ಪಂತೂ ಬೇಡವೇ ಬೇಡ. ರಿವರ್ಸ್ ಕ್ಯಾಮೆರಾದವರು ಹಾಕಿ ಹೋದ ಆ ಕ್ಲಿಪ್ ಬಿಚ್ಚುವುದೇ ನನಗೆ ಅರ್ಧ ಕೆಲಸ.

ಪ್ರಶ್ನೆ (ಸಾಗರದಿಂದ):
ಸಾರ್, ನಮ್ಮದು ಮುಂದಿನ ಬೋರ್ಡ್ ಅಲ್ಲ, ಹಿಂದಿನ ಡಿಸ್‌ಪ್ಲೇ. ಜೋಗದ ಹತ್ತಿರ ರಾತ್ರಿ ನಿಲ್ಲಿಸಿದ್ದೆವು. ಬ್ಯಾಟರಿ 94 ಪರ್ಸೆಂಟ್ ಅಂತ ತೋರಿಸುತ್ತಲೇ ಲೈಟೆಲ್ಲ ಆರಿಹೋದವು. ಪಾತ್ರೆ ತೊಳೆದ ನೀರಿನ ಟ್ಯಾಂಕ್ ಖಾಲಿ ಮಾಡಿದರೂ ಮುಕ್ಕಾಲು ಅಂತಲೇ ತೋರಿಸುತ್ತದೆ.

ಉತ್ತರ:
ಅಕ್ಕಾ, ಮೊದಲು ಬ್ಯಾಟರಿ. ಪರ್ಸೆಂಟ್ ತೋರಿಸುವ ಡಿಸ್‌ಪ್ಲೇ ಬ್ಯಾಟರಿಯ ಒಳಗೆ ಇಣುಕುವುದಿಲ್ಲ. ಮೈನಸ್ ವೈರಿನಲ್ಲಿ ಶಂಟ್ ಅಂತ ಒಂದು ಹಿತ್ತಾಳೆ ಪಟ್ಟಿ ಇರುತ್ತದೆ. ಅದರ ಮೂಲಕ ಹೋದ, ಬಂದ ಕರೆಂಟಿನ ಲೆಕ್ಕ ಬರೆಯುತ್ತದೆ, ಅಷ್ಟೇ. ಯಾರಾದರೂ ಫ್ರಿಜ್ಜನ್ನೋ ಇನ್ವರ್ಟರನ್ನೋ ಶಂಟ್ ಬಿಟ್ಟು ನೇರ ಬ್ಯಾಟರಿ ಮೈನಸ್‌ಗೆ ಕೊಟ್ಟಿದ್ದರೆ ಆ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಹಿಂಬಾಗಿಲಲ್ಲಿ ಅಕ್ಕಿ ಹೋದ ಹಾಗೆ. ಬ್ಯಾಟರಿಯ ಮೈನಸ್ ಕಂಬದಲ್ಲಿ ಒಂದೇ ವೈರು ಇರಬೇಕು, ಅದು ಶಂಟಿಗೆ ಹೋಗಬೇಕು. ಉಳಿದದ್ದೆಲ್ಲ ಶಂಟಿನ ಆ ಕಡೆಗೆ. ನಿಮ್ಮ ಮೈನಸ್ ಕಂಬದಲ್ಲಿ ಎಷ್ಟು ವೈರಿವೆ?

ಸಾಗರ:
ಮೂರು.

ಉತ್ತರ:
ಎರಡನ್ನು ಆ ಕಡೆಗೆ ಹಾಕಿಸಿ, ಫುಲ್ ಚಾರ್ಜ್ ಮಾಡಿ, ಡಿಸ್‌ಪ್ಲೇಯನ್ನು 100ಕ್ಕೆ ಹೊಂದಿಸಿ. ನಿಮ್ಮದು ಸೀಸದ ಬ್ಯಾಟರಿ ಆದರೆ ಒಂದೆರಡು ಗಂಟೆ ಸುಮ್ಮನೆ ಬಿಟ್ಟು ವೋಲ್ಟೇಜ್ ನೋಡಿ. 12.7 ಅಂದರೆ ತುಂಬಿದೆ, 12.2 ಅಂದರೆ ಸುಮಾರು ಅರ್ಧ. ಲಿಥಿಯಂ ಆದರೆ ಈ ಲೆಕ್ಕ ನಡೆಯುವುದಿಲ್ಲ, ಅದು ಖಾಲಿಯಾಗುವ ತನಕ 13ರ ಆಸುಪಾಸಲ್ಲೇ ನಿಂತಿರುತ್ತದೆ.

ಟ್ಯಾಂಕಿನದು ಇನ್ನೂ ಸುಲಭ. ಟ್ಯಾಂಕಿನ ಗೋಡೆಯಲ್ಲಿ ಸ್ಟೀಲ್ ಮೊಳೆಗಳಿರುತ್ತವೆ. ನೀರು ಮುಟ್ಟಿದರೆ ಕರೆಂಟ್ ಹರಿಯುತ್ತದೆ, ಅದನ್ನೇ ಮಟ್ಟ ಅಂತ ತೋರಿಸುತ್ತದೆ. ಎಣ್ಣೆ ಜಿಡ್ಡು, ಸೋಪಿನ ಪೊರೆ ಒಳಗೋಡೆಗೆ ಹಿಡಿದರೆ ನೀರಿಲ್ಲದಿದ್ದರೂ ಕರೆಂಟ್ ಹರಿಯುತ್ತದೆ. ಬಿಸಿನೀರು, ಪಾತ್ರೆ ಸೋಪು ಹಾಕಿ ಅರ್ಧ ತುಂಬಿಸಿ, ಸಾಗರದಿಂದ ಸಿಗಂದೂರಿಗೆ ಹೋಗಿ ಬನ್ನಿ. ತಿರುವುಗಳೇ ತೊಳೆದುಕೊಡುತ್ತವೆ.

ತೀರ್ಥಹಳ್ಳಿ (ಮೂರು ದಿನ ಬಿಟ್ಟು):
ಅಣ್ಣಾ, ಹೇಳಿದ ಹಾಗೇ ಮಾಡಿದೆ. ಜಾಲರಿ ಕೆಳಗೆ ಅರ್ಧ ಬುಟ್ಟಿ ಕೊಳೆತ ಎಲೆ ಸಿಕ್ಕಿತು. ಎಲ್ಲ ಹಾಕಿ ಅಳೆದರೆ ಈಗ 0.04. ಮಿಕ್ಸಿ ತಿರುಗಿಸಿದರೂ ಗಡಿಯಾರ ಅಲ್ಲಾಡಲಿಲ್ಲ. ಆದರೆ ಒಂದು ಸಮಸ್ಯೆ. ರಾತ್ರಿ ಹೆಡ್‌ಲೈಟ್ ಹಾಕಿದಾಗ ಅರ್ಧ ಟ್ಯಾಂಕ್ ತೋರಿಸುತ್ತಿದ್ದ ಡೀಸೆಲ್ ಈಗ ಕಾಲು ಅಂತ ತೋರಿಸುತ್ತಿದೆ.

ಉತ್ತರ:
ಇರುವುದೇ ಕಾಲು ಟ್ಯಾಂಕ್ ಮಾರಾಯ್ರೇ. ಹೊರಡುವ ಮುಂಚೆ ಹಾಕಿಸಿಕೊಳ್ಳಿ.